ಬೊಂತೆ ಹೊಲಿಯುವ ಮಿಷಿನ್ನೂ ನಮ್ಮ ಅತ್ತೆಯವರೂ

ಅತ್ತೆಮನೆಯಲ್ಲಿ ಅಳಿಯನಿಗೆ ಸಿಗುವ ಮರ್ಯಾದೆಯನ್ನು ಕಂಡು ಹೊಟ್ಟೆಕಿಚ್ಚು ಪಡುವವರನ್ನು ನಾನು ಬಹಳ ನೋಡಿದ್ದೇನೆ. ಅವರಿಗೆ ಆ ಮರ್ಯಾದೆಯ ಕಷ್ಟ ಗೊತ್ತಿಲ್ಲ. ಅಲ್ಲಿ ಕಾಲು ಚಾಚಿ ಮಲಗುವ ಹಾಗಿಲ್ಲ. ಸಾರು ಸಾಕು ಎಂದರೆ ಸಂಕೋಚ ಎಂದುಕೊಂಡು ಇನ್ನೊಂದು ಸೌಟು ಹಾಕುತ್ತಾರೆ. ಬೇಕು ಎಂದರೆ ಎರಡು ಸೌಟು. ಒಂದು ಸಲ ನಾನು ಗೋಡೆಯ ಮೇಲಿದ್ದ ಮಾವನವರ ಫೋಟೋ ಕಡೆ ಸುಮ್ಮನೆ ನೋಡುತ್ತಿದ್ದೆ. ಅದು ಸೊಟ್ಟಗಿದೆ ಎಂದು ಅಳಿಯಂದಿರಿಗೆ ಬೇಜಾರಾಗಿದೆ ಅಂತ ತಿಳಿದು, ಊಟದ ನಡುವೆ ಎದ್ದ ನನ್ನ ಭಾವಮೈದ ಏಣಿ ತಂದು ಅದನ್ನು ಸರಿಮಾಡಿದ. ಇಂಥ ಮನೆಗೆ ನಾನು ಇಪ್ಪತ್ತಾರು ವರ್ಷದಿಂದ ಅಳಿಯ.

ಮರ್ಯಾದೆಯ ಈ ವ್ಯವಸ್ಥೆಗೆಲ್ಲ ಮುಖ್ಯಸ್ಥರು ನಮ್ಮ ಅತ್ತೆ, ಸಿದ್ದಗಂಗಮ್ಮನವರು. ಹುಳಿಯಾರಿನಿಂದ ಒಳಗೆ ಒಂದು ಹಳ್ಳಿಯಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ಎಪ್ಪತ್ತು ದಾಟಿದ್ದರೂ ತೋಟಕ್ಕೆ ಹೋಗಿ ಬಿದ್ದ ಗರಿ ಎಳೆದು ತರುತ್ತಾರೆ, ಹಾಲು ಕರೆಯುತ್ತಾರೆ, ಊರಿನ ಜಗಳ ಬಿಡಿಸುತ್ತಾರೆ. ಇಷ್ಟೆಲ್ಲ ಮಾತು ಬಲ್ಲ ಹೆಂಗಸು ನನ್ನ ಜೊತೆ ಮಾತ್ರ ಮದುವೆಯಾದ ದಿನದಿಂದ ಒಂದು ಮಾತನ್ನೂ ನೇರವಾಗಿ ಆಡಿರಲಿಲ್ಲ. ಸಿಟ್ಟೇನಿಲ್ಲ. ಅಳಿಯನ ಮುಂದೆ ನಿಂತು ಮಾತಾಡಬಾರದು ಎಂದು ಅವರು ಕಲಿತದ್ದು. ನನಗೆ ಹೇಳಬೇಕಾದ್ದನ್ನು ನನ್ನ ಹೆಂಡತಿ ವನಜಾಕ್ಷಿಗೆ ಹೇಳುತ್ತಿದ್ದರು, ಅವಳಿಲ್ಲದಿದ್ದರೆ ಮಗನಿಗೆ, ಅವನೂ ಇಲ್ಲದಿದ್ದರೆ ಕಣ್ಣಿಗೆ ಬಿದ್ದ ಯಾವುದಾದರೂ ಜೀವಕ್ಕೆ. ಒಮ್ಮೆ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಅವರು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಹಸುವಿಗೆ, ‘ನೋಡವ್ವ, ಆ ಕುರ್ಚಿ ಹಿಂದ್ಗಡೆ ಕಾಲು ಬಿಟ್ಕಂಡೈತೆ. ಅವ್ರು ಹುಷಾರಾಗಿ ಕೂತ್ಕಬೇಕು’ ಎಂದರು. ಹಸುವಿಗೂ ಅವರಿಗೂ ಏನೋ ಸ್ವಂತ ವಿಷಯ ಇರಬೇಕೆಂದು ನಾನು ಗಮನ ಕೊಡಲಿಲ್ಲ. ಕುರ್ಚಿ ಮುರಿದು ಬಿದ್ದ ಮೇಲೆ, ಈ ಮೇಷ್ಟ್ರು ಅಳಿಯನಿಗೆ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ ಎನ್ನುವ ಹಾಗೆ ಹಸುವೂ ನನ್ನನ್ನು ನೋಡಿತು.

ಅತ್ತೆಯವರ ದೊಡ್ಡ ವಿದ್ಯೆ ಎಂದರೆ ಬೊಂತೆ. ಹಳೆಯ ಸೀರೆ, ಪಂಚೆ, ಅಂಗಡಿಯ ಚೂರು ಬಟ್ಟೆಗಳನ್ನು ಒಂದರ ಮೇಲೊಂದು ಏಳು ಪದರ ಹಾಸಿ, ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಹೊಲಿಯುತ್ತಾ ಬರುತ್ತಾರೆ. ಹೊಲಿಗೆ ಇರುವೆ ಸಾಲು ಹೊರಟ ಹಾಗೆ ಇರುತ್ತದೆ, ಒಂದೂ ಹಿಂದುಮುಂದಿಲ್ಲ. ಆ ಊರಿನಲ್ಲಿ ಹುಟ್ಟಿದ ಮುಕ್ಕಾಲು ಮಕ್ಕಳು ಮೊದಲು ಮಲಗಿದ್ದು ಅವರ ಬೊಂತೆಯ ಮೇಲೆ. ನಮ್ಮ ಮನೆಯಲ್ಲಿ ನಾಲ್ಕಿವೆ. ಅಂಗಡಿಯಿಂದ ತಂದ ರಗ್ಗುಗಳು ಎರಡು ವರ್ಷಕ್ಕೇ ಕೂದಲುದುರಿ ಬೋಳಾದವು. ಬೊಂತೆಗಳು ನನ್ನ ಮಗಳ ಎಲ್ಲ ವಯಸ್ಸನ್ನೂ ಕಂಡು, ಎಷ್ಟೋ ಸಲ ಒಗೆಸಿಕೊಂಡು, ಇನ್ನೂ ಗಟ್ಟಿಯಾಗಿವೆ. ನಮ್ಮ ಮದುವೆಗೆ ಕೊಟ್ಟದ್ದರ ಮೂಲೆಯಲ್ಲಿ ಅವರು ಒಂದು ಸಣ್ಣ ಕೆಂಪು ತುಂಡು ಸೇರಿಸಿದ್ದಾರೆ. ಅದು ವನಜಾಕ್ಷಿ ಒಂದನೇ ಕ್ಲಾಸಿಗೆ ಹೋಗುವಾಗ ಹಾಕಿಕೊಂಡಿದ್ದ ಲಂಗದ್ದು.

ಹೋದ ವರ್ಷ ಅವರ ಬಲಗೈ ಹೆಬ್ಬೆರಳ ಬುಡದಲ್ಲಿ ನೋವು ಶುರುವಾಯಿತು. ನನ್ನ ಹೆಂಡತಿ ತಿಪಟೂರಿನಲ್ಲಿ ಆಸ್ಪತ್ರೆಯ ನರ್ಸು. ಡಾಕ್ಟರಿಗೆ ತೋರಿಸಿದಳು. ಕೀಲು ಸವೆದಿದೆ, ಏಳು ಪದರಕ್ಕೆ ಸೂಜಿ ಒತ್ತುವ ಕೆಲಸ ಇನ್ನು ಮೇಲೆ ಬೇಡವೇ ಬೇಡ ಎಂದರು. ಅತ್ತೆ ತಲೆಯಾಡಿಸಿ ಊರಿಗೆ ಹೋಗಿ ಹೊಲಿಯುತ್ತಲೇ ಇದ್ದರು. ಆಮೇಲೆ ಒಂದು ದಿನ ಸೂಜಿ ಹಿಡಿಯಲಿಕ್ಕೇ ಆಗಲಿಲ್ಲ. ಅದೇ ಹೊತ್ತಿಗೆ ಮಾಯಸಂದ್ರಕ್ಕೆ ಕೊಟ್ಟ ನಮ್ಮ ಮಗಳು ಸುಮಾ ಆರು ತಿಂಗಳ ಬಸುರಿಯಾಗಿದ್ದಳು. ಮರಿಮಗುವಿಗೆಂದು ಹೊಲಿಯುತ್ತಿದ್ದ ಬೊಂತೆ ಅರ್ಧಕ್ಕೆ ನಿಂತಿತು. ಅದನ್ನು ಮಡಿಸಿ ಪೆಟ್ಟಿಗೆಗೆ ಹಾಕಿದ ಅತ್ತೆ ಜಗಲಿಯ ಮೇಲೆ ಸುಮ್ಮನೆ ಕೂರಲು ಶುರುಮಾಡಿದರಂತೆ. ‘ಅಮ್ಮ ಯಾರ ಜಗಳಾನೂ ಬಿಡಿಸ್ತಿಲ್ಲ ಕಣಕ್ಕ’ ಎಂದು ಭಾವಮೈದ ಫೋನ್ ಮಾಡಿದಾಗ ವನಜಾಕ್ಷಿಗೆ ಗಾಬರಿಯಾಯಿತು. ಹೊಲಿಗೆ ಮಿಷಿನ್ ಕೊಡಿಸೋಣ ಎಂಬ ಯೋಚನೆ ಅವಳದು. ಅತ್ತೆ ಮೊದಲು ಒಪ್ಪಲಿಲ್ಲ. ‘ಮಿಷಿನ್ನಲ್ಲಿ ಹೊಲ್ದಿದ್ದು ಬೊಂತೆ ಹೆಂಗಾಯ್ತದೆ’ ಎಂದರಂತೆ. ಆಮೇಲೆ ಎರಡು ದಿನ ಬಿಟ್ಟು ಅವರೇ ಕೇಳಿದರಂತೆ: ‘ಏಳು ಪದರ ಹಿಡೀತೈತಾ ಅದು?’

ಆರಿಸುವ ಕೆಲಸ ನನಗೆ ಬಂತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಸನ್ನೆ, ರಾಟೆ, ಹಲ್ಲಿನ ಚಕ್ರ ಇವುಗಳನ್ನು ಇಪ್ಪತ್ತೆಂಟು ವರ್ಷ ಪಾಠ ಮಾಡಿರುವುದರಿಂದ ಯಂತ್ರಗಳೆಲ್ಲ ನನಗೆ ಗೊತ್ತು ಎಂಬುದು ನನ್ನ ನಂಬಿಕೆ. ಮನೆಯ ಮಿಕ್ಸಿಯನ್ನು ಒಮ್ಮೆ ನಾನು ರಿಪೇರಿ ಮಾಡಿದ ಮೇಲೆ ಅದರಲ್ಲಿ ಚಟ್ನಿ ರುಬ್ಬಿದರೆ ಪಕ್ಕದ ಮನೆಯವರ ಟಿ.ವಿ.ಯಲ್ಲಿ ಗೆರೆ ಬರುತ್ತಿತ್ತು. ಆದರೂ ನಂಬಿಕೆಗೆ ಏನೂ ಆಗಿರಲಿಲ್ಲ. ಒಂದು ವಾರ ಫೋನಿನಲ್ಲಿ ವಿಡಿಯೋ ನೋಡಿದೆ. ಯಾವ ಯಾವುದೋ ದೇಶದ ಹೆಂಗಸರು ಬೊಂತೆ ಹೊಲಿಯುತ್ತಾ ಯಂತ್ರಗಳ ಗುಣದೋಷ ಹೇಳುತ್ತಿದ್ದರು. ಅವರ ಬೊಂತೆಗಳಲ್ಲಿ ಮೂರೇ ಪದರ ಎಂಬುದು ನನ್ನ ಗಮನಕ್ಕೆ ಬರಲಿಲ್ಲ. ದೊಡ್ಡ ಹಾಳೆಯಲ್ಲಿ ಒಂದು ಪಟ್ಟಿ ಬರೆದೆ. ಮೋಟಾರಿನ ಶಕ್ತಿ, ಹೊಲಿಗೆಯ ಬಗೆಗಳು, ವೇಗ, ತೂಕ, ಗ್ಯಾರಂಟಿ, ಬಣ್ಣ ಎಂದು ಕಾಲಂ ಹಾಕಿದೆ. ವನಜಾಕ್ಷಿ ಅದನ್ನು ನೋಡಿ, ‘ಬಣ್ಣ ಯಾಕೆ?’ ಎಂದಳು. ಆರು ಕಾಲಂ ಬಂದರೆ ಹಾಳೆ ಸರಿಯಾಗಿ ತುಂಬುತ್ತದೆ ಎಂದೆ.

ಮಿಷಿನ್ ನೋಡಲು ಅತ್ತೆ ತಿಪಟೂರಿಗೆ ಬಂದ ದಿನವೇ ವನಜಾಕ್ಷಿಗೆ ಆಸ್ಪತ್ರೆಯಲ್ಲಿ ರಜೆ ಸಿಗಲಿಲ್ಲ. ‘ನೀವಿಬ್ಬರೇ ಹೋಗಿ ಬನ್ನಿ’ ಎಂದು ಹೇಳಿ ಅವಳು ಡ್ಯೂಟಿಗೆ ಹೊರಟುಹೋದಳು. ಮನೆಯಲ್ಲಿ ನಾನು, ಅತ್ತೆ, ಮೌನ. ನಮ್ಮಲ್ಲಿ ಹಸುವೂ ಇಲ್ಲ. ನನ್ನ ಸ್ಕೂಟರಿನಲ್ಲಿ ಅವರು ಹಿಂದೆ ಕೂರುವ ಮಾತೇ ಇರಲಿಲ್ಲ, ಹಾಗಾಗಿ ಆಟೋ ಕರೆದೆ. ಅತ್ತೆ ಹಿಂದಿನ ಸೀಟಿನಲ್ಲಿ ಸೆರಗು ಹೊದ್ದು ಕೂತರು. ಪಕ್ಕದಲ್ಲಿ ನಾನು ಕೂತರೆ ಅವರು ಇಳಿದು ನಡೆದುಬಿಡುತ್ತಾರೆ ಎಂದು ಹೆದರಿ, ನಾನು ಡ್ರೈವರ್ ಪಕ್ಕದ ಅರ್ಧ ಸೀಟಿನಲ್ಲಿ ಒಂದು ಕಾಲು ಹೊರಗೆ ಬಿಟ್ಟು ಕೂತೆ. ಅತ್ತೆಯ ತೊಡೆಯ ಮೇಲೆ ಒಂದು ದೊಡ್ಡ ಬಟ್ಟೆ ಚೀಲ ಇತ್ತು. ಒಳಗೇನಿದೆ ಎಂದು ಕೇಳಲು ಯಾರ ಮೂಲಕ ಕೇಳಬೇಕೆಂದು ತಿಳಿಯದೆ ಸುಮ್ಮನಾದೆ.

ಮೊದಲನೆಯ ಅಂಗಡಿ ಬಹಳ ಜೋರಾಗಿತ್ತು. ಗಾಜಿನ ಬಾಗಿಲು, ತಣ್ಣನೆಯ ಗಾಳಿ. ನನ್ನ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದ ಯಂತ್ರ ಅಲ್ಲೇ ನಡುವೆ ಬೆಳ್ಳಗೆ ಹೊಳೆಯುತ್ತಾ ಕೂತಿತ್ತು. ಅದಕ್ಕೊಂದು ಪುಟ್ಟ ಪರದೆ, ಒತ್ತುಗುಂಡಿಗಳು. ಅಂಗಡಿಯ ಹುಡುಗಿ ಒಂದು ತೆಳ್ಳನೆಯ ಬಟ್ಟೆ ಇಟ್ಟು ಗುಂಡಿ ಒತ್ತಿದಳು. ಯಂತ್ರ ತಾನೇ ಎಲೆ ಹೊಲಿಯಿತು, ಹೂವು ಹೊಲಿಯಿತು, ಆಮೇಲೆ ಒಂದರ ಹಿಂದೆ ಒಂದು ಬಾತುಕೋಳಿಗಳನ್ನು ಹೊಲಿಯುತ್ತಾ ಹೋಯಿತು. ನಾನು ಮೈಮರೆತೆ. ಆರನೆಯ ಬಾತುಕೋಳಿಯ ಹೊತ್ತಿಗೆ ನನ್ನ ಮಟ್ಟಿಗೆ ಯಂತ್ರ ಆರಿಸಿ ಆಗಿತ್ತು. ಅತ್ತೆ ಆ ಹುಡುಗಿಯ ಕಡೆಗೆ ತಿರುಗಿ, ‘ಬಾಳ ಚೆನ್ನಾಗೈತೆ ಕಣವ್ವ. ಇದು ಬರೀ ನೋಡಾಕಾ, ಹೊದ್ಕಳ್ಳಾಕೂ ಹೊಲೀತೈತಾ?’ ಎಂದು ಕೇಳಿದರು. ಆಮೇಲೆ ಚೀಲಕ್ಕೆ ಕೈ ಹಾಕಿ ಹೊರಗೆ ತೆಗೆದದ್ದು ಅವರ ಮನೆಯ ಒಂದು ಹಳೆಯ ಬೊಂತೆ. ಅದರ ಮೂಲೆಯನ್ನು ಸೂಜಿಯ ಕೆಳಗೆ ಇಡಲು ಹೇಳಿದರು.

ಹುಡುಗಿ ಇಟ್ಟಳು. ಬಟ್ಟೆಯನ್ನು ಒತ್ತಿ ಹಿಡಿಯುವ ಲೋಹದ ಪಟ್ಟಿ ಸರಿಯಾಗಿ ಕೆಳಗಿಳಿಯಲೇ ಇಲ್ಲ. ಗುಂಡಿ ಒತ್ತಿದಾಗ ಯಂತ್ರ ಒಮ್ಮೆ ನರಳಿ, ಪರದೆಯ ಮೇಲೆ ಏನೋ ಒಂದು ಅಂಕಿ ತೋರಿಸಿ ನಿಂತಿತು. ನಾನು ಯಂತ್ರದ ಜೊತೆಗಿದ್ದ ಪುಸ್ತಕ ತೆಗೆದು ಆ ಅಂಕಿಯ ಅರ್ಥ ಹುಡುಕಿದೆ. ‘ಯಂತ್ರವನ್ನು ಆಫ್ ಮಾಡಿ ಸ್ವಲ್ಪ ಹೊತ್ತು ಬಿಡಿ’ ಎಂದಿತ್ತು. ಹತ್ತು ನಿಮಿಷ ಬಿಟ್ಟು ಮತ್ತೆ ಒತ್ತಿದಾಗ ಸೂಜಿ ಟಣ್ ಎಂದು ಮುರಿದು ಹಾರಿತು. ಅಂಗಡಿಯವರ ಮುಖ ಸಣ್ಣದಾಯಿತು. ಅತ್ತೆ ಮಾತ್ರ ಯಂತ್ರದ ತಲೆಯ ಮೇಲೆ ಕರುವಿನ ಮೈ ಸವರುವ ಹಾಗೆ ಕೈಯಾಡಿಸಿ, ‘ಪಾಪ, ಎಳೇದು. ಇದ್ರ ಕೈಲಿ ಯಾಕೆ ಇಂಥ ಕೆಲಸ ಮಾಡಿಸ್ಬೇಕು, ಬುಡವ್ವ’ ಎಂದರು. ಹುಡುಗಿ ನಕ್ಕಳು. ನನಗೂ ಆ ಬೆಳ್ಳನೆಯ ಯಂತ್ರಕ್ಕೂ ಮಾತ್ರ ಸಮಾಧಾನವಾಗಲಿಲ್ಲ.

ಎರಡನೆಯ ಅಂಗಡಿಯಲ್ಲಿ ಬಾತುಕೋಳಿ ಇರಲಿಲ್ಲ. ಮಧ್ಯವಯಸ್ಸಿನ ಅಂಗಡಿಯವರು ಮೋಟಾರಿನ ಒಂದು ಗಟ್ಟಿ ಯಂತ್ರ ತೋರಿಸಿದರು. ಅದು ಏಳು ಪದರವನ್ನೂ ಹೊಲಿಯಿತು. ನಾನು ಗೆದ್ದೆ ಎಂದುಕೊಂಡು ಪಟ್ಟಿಯಲ್ಲಿ ಸರಿ ಗುರುತು ಹಾಕಿದೆ. ಅತ್ತೆ ಹೊಲಿದ ಮೂಲೆಯನ್ನು ಕೈಗೆ ತೆಗೆದುಕೊಂಡು ಮೇಲುಭಾಗ ನೋಡಲೇ ಇಲ್ಲ, ಸೀದಾ ತಿರುವಿ ಅಡಿಭಾಗ ನೋಡಿದರು. ನನ್ನಂಥವನು ಪರೀಕ್ಷೆ ಪತ್ರಿಕೆಯಲ್ಲಿ ಮೊದಲ ಪುಟ ನೋಡಿ ಅಂಕ ಹಾಕುತ್ತಾನೆ. ಅವರು ಕೊನೆಯ ಪುಟದಿಂದ ಓದುವವರು. ಅಡಿಯಲ್ಲಿ ಬಟ್ಟೆ ನೆರಿಗೆ ಬಿದ್ದಿತ್ತು. ಮೇಲಿನ ಪದರ ಒಂದು ಕಡೆಗೆ ಓಡಿತ್ತು, ಕೆಳಗಿನದು ಇನ್ನೊಂದು ಕಡೆಗೆ. ‘ಅವಸರ ಬಿದ್ದು ಎಳೀತೈತೆ ಕಣಪ್ಪ ಇದು’ ಎಂದರು. ಆಮೇಲೆ ಸೂಜಿಗೂ ಯಂತ್ರದ ಕಂಬಕ್ಕೂ ನಡುವಿನ ಜಾಗಕ್ಕೆ ಎಡಗೈಯ ಬೆರಳುಗಳನ್ನು ಚಾಚಿ ಗೇಣು ಹಾಕಿದರು. ಗೇಣು ತುಂಬಲಿಲ್ಲ. ಬೊಂತೆಯನ್ನು ಚಾಪೆ ಸುತ್ತಿದ ಹಾಗೆ ಸುತ್ತಿ ಆ ಸಂದಿಗೆ ತೂರಿಸಲು ನೋಡಿದರು. ಅರ್ಧವೂ ಹೋಗಲಿಲ್ಲ. ‘ಅಂಚು ಹೊಲೀಬೋದು. ನಡುಮಧ್ಯಕ್ಕೆ ಬಂದಾಗ ಮಿಕ್ಕಿದ್ದನ್ನ ಎಲ್ಲಿಗೆ ಹಾಕನಾ?’ ಎಂದು ಅಂಗಡಿಯವರನ್ನು ಕೇಳಿದರು.

ಅಂಗಡಿಯವರು ನನ್ನನ್ನು ನೋಡಿದರು. ನಾನು ನನ್ನ ಪಟ್ಟಿಯನ್ನು ನೋಡಿದೆ. ಆರು ಕಾಲಂಗಳಲ್ಲಿ ಒಂದರಲ್ಲೂ ಆ ಪ್ರಶ್ನೆಗೆ ಜಾಗವಿರಲಿಲ್ಲ. ಒಂದು ವಾರ ಕಣ್ಣು ಉರಿಯುವ ತನಕ ವಿಡಿಯೋ ನೋಡಿದ ನನಗೆ ಹೊಳೆಯದ್ದನ್ನು, ಮಿಷಿನ್ನನ್ನೇ ತುಳಿಯದ ಹೆಂಗಸು ಒಂದು ಗೇಣಿನಲ್ಲಿ ಅಳೆದುಬಿಟ್ಟಿದ್ದರು. ಕುತೂಹಲ ತಡೆಯಲಾರದೆ ನಾನು ಅಂಗಡಿಯವರಿಗೆ, ‘ಇವರಿಗೆ ಇದೆಲ್ಲ ಹೇಗೆ ಗೊತ್ತು ಅಂತ ಸ್ವಲ್ಪ ಕೇಳ್ರಿ’ ಎಂದೆ. ಅವರು ಇದೆಂಥ ಸಂಸಾರ ಎನ್ನುವ ಹಾಗೆ ನಮ್ಮಿಬ್ಬರನ್ನೂ ನೋಡಿ, ಆದರೂ ಕೇಳಿದರು. ಅತ್ತೆ ಅವರಿಗೇ ಉತ್ತರ ಕೊಟ್ಟರು: ‘ಹುಳಿಯಾರು ಸಂತೆ ದಿನ ಟೈಲರ್ ಅಂಗಡಿ ಮುಂದೆ ಚೂರು ಬಟ್ಟೆಗೆ ಕಾಯ್ಕಂಡು ಕೂರ್ತಿದ್ದೆ ಕಣಪ್ಪ. ಮೂವತ್ತು ವರ್ಷ ಕೂತಿದೀನಿ. ಕಣ್ಣು ಸುಮ್ಕಿರ್ತೈತಾ?’ ನಾನು ಬಿ.ಎಡ್. ಮಾಡುವಾಗ ತರಗತಿಯಲ್ಲಿ ಒಂದು ವರ್ಷ ಕೂತಿದ್ದೆ. ನನ್ನ ಕಣ್ಣು ಬಹಳ ಸುಮ್ಮನಿತ್ತು.

ಹೊತ್ತು ಮಧ್ಯಾಹ್ನವಾಗಿತ್ತು. ಹೋಟೆಲಿಗೆ ಹೋದೆವು. ಅತ್ತೆ ಒಂದು ಟೇಬಲ್ಲಿಗೆ, ನಾನು ಇನ್ನೊಂದಕ್ಕೆ. ಸಪ್ಲೈಯರ್ ಮೂಲಕ ಅವರು ನನಗೆ ಇನ್ನೊಂದು ವಡೆ ಕಳಿಸಿದರು. ಮೂರನೆಯ ಅಂಗಡಿಗೆ ಹೋಗುವ ಉತ್ಸಾಹ ನನ್ನಲ್ಲಿ ಉಳಿದಿರಲಿಲ್ಲ. ಅವರ ಮುಖವೂ ಬಾಡಿತ್ತು. ಚೀಲವನ್ನು ಎದೆಗೆ ಒತ್ತಿಕೊಂಡು ನಡೆಯುತ್ತಿದ್ದರು. ಈಗ ಸೋಲೊಪ್ಪಿ ಮನೆಗೆ ಹೋದರೆ ಅವರು ಮತ್ತೆ ಜಗಲಿಯ ಮೇಲೆ ಸುಮ್ಮನೆ ಕೂರುತ್ತಾರೆ, ಮಗುವಿನ ಬೊಂತೆ ಪೆಟ್ಟಿಗೆಯಲ್ಲೇ ಉಳಿಯುತ್ತದೆ ಎಂದು ನೆನೆದು ನನಗೆ ನಿಜವಾಗಿ ಸಂಕಟವಾಯಿತು. ಇಪ್ಪತ್ತಾರು ವರ್ಷ ನನ್ನ ಎಲೆಗೆ ಸಾರು ಸುರಿದ ಕೈಗೆ ಒಂದು ಮಿಷಿನ್ ಹುಡುಕಿಕೊಡಲು ನನಗೆ ಆಗುತ್ತಿಲ್ಲವಲ್ಲ ಎನಿಸಿತು.

ಕೊಬ್ಬರಿ ಮಾರುಕಟ್ಟೆಯ ಕಡೆಯ ರಸ್ತೆಯಲ್ಲಿ ಆಟೋ ಹುಡುಕುತ್ತಾ ನಡೆಯುವಾಗ ಹಿಂದೆ ಅತ್ತೆಯ ಹೆಜ್ಜೆಯ ಸದ್ದು ನಿಂತಿತು. ತಿರುಗಿ ನೋಡಿದರೆ ಅವರು ಒಂದು ಕುಷನ್ ಅಂಗಡಿಯ ಮುಂದೆ ನಿಂತಿದ್ದಾರೆ. ಟ್ರಾಕ್ಟರ್ ಸೀಟು, ಬೈಕ್ ಸೀಟು, ಕೊಬ್ಬರಿ ಒಣಗಿಸುವ ಟಾರ್ಪಾಲು ಇವನ್ನೆಲ್ಲ ಹೊಲಿದು ಕೊಡುವ ಅಂಗಡಿ. ಒಳಗೆ ವಯಸ್ಸಾದ ಒಬ್ಬ ಸಾಬರು ದೊಡ್ಡ ಕಪ್ಪು ಮಿಷಿನ್ನಿನ ಮುಂದೆ ಕೂತು, ದಪ್ಪ ಟಾರ್ಪಾಲಿನ ಅಂಚನ್ನು ನಾಲ್ಕು ಮಡಿಕೆ ಮಾಡಿ ಹೊಲಿಯುತ್ತಿದ್ದರು. ಕಾಲಲ್ಲಿ ತುಳಿಯುವ ಮಿಷಿನ್ನು. ಕೈ ಉದ್ದ, ಮೈ ಭಾರ. ಹೊಲಿಯುವ ಸದ್ದು ಎತ್ತಿನ ಗಾಡಿ ನಿಧಾನಕ್ಕೆ ಹೊರಟ ಹಾಗೆ ಒಂದೇ ಸಮನಿತ್ತು. ಅತ್ತೆ ಮೆಟ್ಟಿಲು ಹತ್ತಿ ಒಳಗೆ ಹೋಗಿಯೇಬಿಟ್ಟರು.

‘ಏನಮ್ಮಾ, ಟಾರ್ಪಾಲಾ?’ ಎಂದರು ಸಾಬರು. ಅವರ ಹೆಸರು ಖಲೀಲ್ ಎಂದು ಆಮೇಲೆ ತಿಳಿಯಿತು.

‘ಟಾರ್ಪಾಲಲ್ಲ ಕಣಪ್ಪ. ನಿನ್ ಮಿಷಿನ್ನಲ್ಲಿ ಇದನ್ನೊಸಿ ಹೊಲ್ದು ನೋಡ್ಲಾ?’ ಎಂದು ಅತ್ತೆ ಬೊಂತೆ ತೆಗೆದರು.

ಖಲೀಲ್ ಸಾಬರು ಬೊಂತೆಯನ್ನು ಕೈಗೆ ತೆಗೆದುಕೊಂಡು ಮೇಲೆ ನೋಡಿದರು, ತಿರುವಿ ಅಡಿ ನೋಡಿದರು. ಬಹಳ ಹೊತ್ತು ನೋಡಿದರು. ‘ಕೈಯಲ್ಲಿ ಹಾಕಿದ್ದಾ ಅಮ್ಮಾ ಇದು?’ ಎಂದು ಕೇಳಿ, ಅತ್ತೆ ಹೂಂ ಎಂದ ಮೇಲೆ ತಾವು ಕೂತಿದ್ದ ಸ್ಟೂಲನ್ನು ಬಟ್ಟೆಯಿಂದ ಒರೆಸಿ ಎದ್ದು ನಿಂತರು. ‘ನೀವೇ ಕೂತ್ಕಳಿ.’ ಒಬ್ಬ ಕಸಬುದಾರ ಇನ್ನೊಬ್ಬರಿಗೆ ತನ್ನ ಜಾಗ ಬಿಟ್ಟುಕೊಡುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ನಮ್ಮ ಸ್ಟಾಫ್ ರೂಮಿನಲ್ಲಿ ಕಿಟಕಿ ಪಕ್ಕದ ಕುರ್ಚಿಗೇ ಹತ್ತು ವರ್ಷದಿಂದ ಜಗಳವಿದೆ.

ಅತ್ತೆ ಕೂತರು. ಮೊದಲು ಗೇಣು ಹಾಕಿದರು. ಗೇಣಿನ ಮೇಲೆ ನಾಲ್ಕು ಬೆರಳು ಮಿಕ್ಕಿತು. ಸುತ್ತಿದ ಬೊಂತೆ ಆ ಸಂದಿನಲ್ಲಿ ಆರಾಮಾಗಿ ಮಲಗಿತು. ಮೊದಲ ಸಲ ತುಳಿದಾಗ ಚಕ್ರ ಹಿಂದಕ್ಕೆ ತಿರುಗಿ ದಾರ ಕಿತ್ತಿತು. ‘ಹಂಗಲ್ಲ ಅಮ್ಮಾ. ಮೊದಲು ಚಕ್ರಾನ ಅಂಗೈಯಿಂದ ಮುಂದಕ್ಕೆ ತಳ್ಳಿ, ಆಮೇಲೆ ಕಾಲು’ ಎಂದು ಖಲೀಲ್ ಸಾಬರು ತೋರಿಸಿದರು. ಎರಡನೆಯ ಸಲವೂ ಕಿತ್ತಿತು. ಮೂರನೆಯ ಸಲ ಚಕ್ರ ಮುಂದಕ್ಕೆ ಹೋಯಿತು, ಕಾಲು ಅದನ್ನು ಹಿಡಿಯಿತು, ಸೂಜಿ ಏಳು ಪದರದೊಳಕ್ಕೆ ಇಳಿದು ಮೇಲೆದ್ದಿತು. ಅತ್ತೆಯ ತುಟಿ ಬಿಗಿಯಾಗಿತ್ತು. ನೋವಿನ ಹೆಬ್ಬೆರಳನ್ನು ಮಡಿಸಿಟ್ಟುಕೊಂಡು, ಬರಿಯ ಅಂಗೈಯಿಂದ ಬೊಂತೆಯನ್ನು ಮುಂದಕ್ಕೆ ಬಿಡುತ್ತಿದ್ದರು. ಹೊಲಿಗೆ ಒಂದು ಗೇಣು ಹೋಯಿತು, ಎರಡು ಗೇಣು ಹೋಯಿತು.

ಇಷ್ಟು ಹೊತ್ತು ನಾನು ಸುಮ್ಮನಿದ್ದೆನಲ್ಲ, ಆಗ ನನ್ನೊಳಗಿನ ವಿಜ್ಞಾನದ ಮೇಷ್ಟ್ರು ಎದ್ದ. ಬೊಂತೆಯ ಅಂಚು ಸ್ವಲ್ಪ ಮೇಲಕ್ಕೆ ಎದ್ದಂತೆ ಕಂಡಿತು. ಅದನ್ನು ಒತ್ತಿ ಹಿಡಿದರೆ ಘರ್ಷಣೆ ಸಮನಾಗುತ್ತದೆ ಎಂದು ಲೆಕ್ಕ ಹಾಕಿ, ಯಾರನ್ನೂ ಕೇಳದೆ ಬಗ್ಗಿ, ಸೂಜಿಯ ಪಕ್ಕಕ್ಕೇ ತೋರುಬೆರಳು ಇಟ್ಟೆ.

‘ಏಯ್! ಕೈ ತೆಗಿಯೋ! ಬೆಳ್ಳು ಹೊಲ್ಕಂಬುಡ್ತೀಯಾ! ಕಣ್ಣು ಕಾಣಕಿಲ್ವಾ ನಿಂಗೆ!’

ಮಿಷಿನ್ ನಿಂತಿತು. ನನ್ನ ಬೆರಳು ಉಳಿದಿತ್ತು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅವರ ಮುಖದ ಬಣ್ಣವೇ ಇಳಿದುಹೋಗಿತ್ತು. ಇಪ್ಪತ್ತಾರು ವರ್ಷ ಹಸುವಿನ ಮೂಲಕ ಕಾಪಾಡಿಕೊಂಡು ಬಂದದ್ದು ಒಂದೇ ಉಸಿರಿಗೆ, ಅದೂ ಏಕವಚನದಲ್ಲಿ ಮುರಿದುಬಿದ್ದಿತ್ತು. ನನಗೋ, ಹೇಗೆ ಹೇಳಲಿ, ಎದೆಯಲ್ಲಿ ಏನೋ ಸಡಿಲವಾದ ಹಾಗಾಯಿತು. ಆ ರೀತಿ ನನ್ನನ್ನು ಕೊನೆಯ ಸಲ ಬೈದವರು ನಮ್ಮಮ್ಮ. ಅವರು ತೀರಿಕೊಂಡು ಹದಿನಾಲ್ಕು ವರ್ಷವಾಯಿತು.

ಖಲೀಲ್ ಸಾಬರು ನಗುತ್ತಾ, ‘ಮಗನಾ ಅಮ್ಮಾ?’ ಎಂದರು.

‘ಅಲ್ಲ ಕಣಪ್ಪ’ ಎಂದು ಅತ್ತೆ ಸೆರಗಿನೊಳಗಿಂದಲೇ ಹೇಳಿದರು. ‘ಅಳಿಯಂದ್ರು.’

‘ಬೈದಿದ್ದು ಕೇಳಿ ಮಗ ಅಂದ್ಕಂಡೆ.’

ಅತ್ತೆ ತಲೆ ತಗ್ಗಿಸಿಕೊಂಡೇ ಬೊಂತೆಯನ್ನು ಹೊರಗೆ ಎಳೆದು ಅಡಿ ತಿರುವಿದರು. ನೆರಿಗೆ ಇರಲಿಲ್ಲ. ಏಳು ಪದರವೂ ಜೊತೆಯಾಗಿ ನಡೆದಿದ್ದವು. ‘ಇದು ಆಯ್ತದೆ’ ಎಂದರು. ಆ ಎರಡು ಮಾತು ಹೇಳುವಾಗ ಅವರ ಕಣ್ಣು ತುಂಬಿ ಬಂದಿತ್ತು ಎಂಬುದನ್ನು ನಾನು ನೋಡಿಯೂ ನೋಡದವನ ಹಾಗೆ ಪಟ್ಟಿಯನ್ನು ಬಿಡಿಸಿಕೊಂಡೆ. ಏನಾದರೂ ಮಾತಾಡಬೇಕಲ್ಲ ಎಂದು, ‘ಇದು ಬೇರೆ ಬಣ್ಣದಲ್ಲಿ ಬರುತ್ತಾ ಸಾಬರೇ?’ ಎಂದು ಕೇಳಿದೆ. ಖಲೀಲ್ ಸಾಬರು ನನ್ನನ್ನು ಬಹಳ ಕನಿಕರದಿಂದ ನೋಡಿ, ‘ಕಪ್ಪು ಬರುತ್ತೆ ಸಾರ್’ ಎಂದರು.

ಅಂಥದ್ದೇ ಹೊಸದು ತರಿಸಿಕೊಡುವ ಅಂಗಡಿಯನ್ನು ಅವರೇ ತೋರಿಸಿದರು. ಹೋಗಿ ಆರ್ಡರ್ ಬರೆಸಿ ಬಂದೆವು. ಮನೆಗೆ ಹೊರಡುವಾಗ ಆಟೋ ಬಂತು. ನಾನು ಅಭ್ಯಾಸದಂತೆ ಡ್ರೈವರ್ ಪಕ್ಕದ ಅರ್ಧ ಸೀಟಿಗೆ ಕಾಲು ಎತ್ತಿದೆ. ಹಿಂದಿನಿಂದ ದನಿ ಬಂತು: ‘ಹಿಂದೆ ಕೂತ್ಕಳಿ. ಬಿದ್ದೀರಿ.’ ಡ್ರೈವರಿಗೆ ಹೇಳಿದ್ದಿರಬೇಕೆಂದು ನಾನು ಅವನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ‘ನಿಮಗೇ ಹೇಳಿದ್ದು’ ಎಂದರು ಅತ್ತೆ. ನಾನು ಹಿಂದೆ ಹೋಗಿ ಕೂತೆ. ಬೊಂತೆಯ ಚೀಲ ನಡುವೆ ಇತ್ತು. ಸಂಜೆ ವನಜಾಕ್ಷಿ ಬಂದು ಯಾವ ಮಿಷಿನ್, ಯಾರು ಆರಿಸಿದ್ದು ಎಂದು ಕೇಳಿದಾಗ ಅತ್ತೆ ಅಡುಗೆಮನೆಯಿಂದಲೇ, ‘ಇನ್ಯಾರು, ನಿನ್ ಯಜಮಾನ್ರೇ. ಅವ್ರು ಕರ್ಕಂಡೋಗದೆ ಇದ್ರೆ ನಂಗೆಲ್ಲಿ ಸಿಗ್ತಿತ್ತು’ ಎಂದರು. ವನಜಾಕ್ಷಿ ನನ್ನನ್ನು ಮೆಚ್ಚುಗೆಯಿಂದ ನೋಡಿದಳು. ನಾನು ತಿದ್ದಲಿಲ್ಲ. ಮೆಚ್ಚುಗೆ ನನಗೆ ಆಗಾಗ ಸಿಗುವ ಪದಾರ್ಥವಲ್ಲ.

ಮಿಷಿನ್ ಟೆಂಪೋದಲ್ಲಿ ಊರಿಗೆ ಹೋಯಿತು. ಮೊದಲ ನಾಲ್ಕು ದಿನ ಅತ್ತೆ ಬರೀ ಹಳೆಯ ಗೋಣಿಚೀಲದ ಮೇಲೆ ಹೊಲಿದು ಕಲಿತರಂತೆ. ಸೂಜಿಗಳು ಮುರಿದವು. ಹೊಲಿದದ್ದನ್ನು ಬಿಚ್ಚಿದರು, ಮತ್ತೆ ಹೊಲಿದರು. ಐದನೆಯ ದಿನ ಪೆಟ್ಟಿಗೆಯಿಂದ ಮಗುವಿನ ಬೊಂತೆ ತೆಗೆದರು. ಹೆರಿಗೆಗೆ ಸುಮಾ ನಮ್ಮ ಮನೆಗೆ ಬರುವ ಮೊದಲೇ ಅದು ಬಂದು ಕೂತಿತ್ತು. ನಾನು ಕನ್ನಡಕ ಹಾಕಿಕೊಂಡು ಕೈಹೊಲಿಗೆ ಎಲ್ಲಿಗೆ ಮುಗಿಯಿತು, ಮಿಷಿನ್ ಎಲ್ಲಿಂದ ಶುರುವಾಯಿತು ಎಂದು ಹುಡುಕಿದೆ. ಮೇಲುಭಾಗದಲ್ಲಿ ಸಿಗಲಿಲ್ಲ. ತಮ್ಮ ಕೈಯ ಹೊಲಿಗೆ ಎಷ್ಟು ಉದ್ದವೋ ಅಷ್ಟಕ್ಕೇ ಮಿಷಿನ್ನನ್ನೂ ಪಳಗಿಸಿದ್ದರು. ಅಡಿಯನ್ನು ತಿರುವಿ, ಅದೂ ಬಹಳ ಹೊತ್ತು ನೋಡಿದ ಮೇಲೆ, ದಾರದ ಹೊಳಪಿನಲ್ಲಿ ಒಂದಿಷ್ಟು ವ್ಯತ್ಯಾಸ ಕಂಡಿತು. ಅಷ್ಟೇ. ಹೆಣ್ಣು ಮಗು ಹುಟ್ಟಿತು. ಈಗ ಅದು ಆ ಬೊಂತೆಯ ಮೇಲೆ ಬೋರಲು ಬಿದ್ದು ಅಂಚನ್ನು ಚೀಪುವ ಹಂತಕ್ಕೆ ಬಂದಿದೆ.

ಮಿಷಿನ್ ಬಂದ ಮೇಲೆ ಅತ್ತೆಯವರಿಗೆ ಊರಿನ ಜಗಳಗಳ ಜೊತೆಗೆ ಸುತ್ತಲ ಹಳ್ಳಿಗಳ ಬೊಂತೆಗಳೂ ಬರತೊಡಗಿದವು. ಒಂದು ಶನಿವಾರ ನನ್ನ ಫೋನ್ ರಿಂಗಾಯಿತು. ಅತ್ತೆ. ಅವರು ನನಗೆ ಮಾಡಿದ ಮೊದಲ ಫೋನು. ‘ಕೆಳಗಿನ ದಾರ ಗಂಟಾಗ್ತೈತೆ. ನಾಳೆ ಬತ್ತೀಯಾ?’ ಎಂದು ಕೇಳಿ ಇಟ್ಟುಬಿಟ್ಟರು. ನಾನು ಹಿಗ್ಗಿ, ಸ್ಕ್ರೂಡ್ರೈವರ್, ಎಣ್ಣೆ ಡಬ್ಬಿ, ಸ್ಪ್ಯಾನರುಗಳನ್ನು ತುಂಬಿಕೊಂಡು ಭಾನುವಾರ ಬೆಳಗಿನ ಹುಳಿಯಾರು ಬಸ್ಸಿಗೇ ಹೋದೆ. ಹೋಗುವಷ್ಟರಲ್ಲಿ ಅವರೇ ಬಾಬಿನ್ ಬಿಚ್ಚಿ, ಸಿಕ್ಕಿಕೊಂಡಿದ್ದ ನೂಲಿನ ಚೂರು ತೆಗೆದು, ಎಣ್ಣೆ ಬಿಟ್ಟು, ಹೊಲಿಯುತ್ತಾ ಕೂತಿದ್ದರು. ‘ಬಂದ್ಯಾ? ಒಳ್ಳೇದಾಯ್ತು. ಆ ತುದಿ ಹಿಡ್ಕ’ ಎಂದರು. ದೊಡ್ಡ ಬೊಂತೆ ಹೊಲಿಯುವಾಗ ಅದರ ಭಾರ ಕೆಳಗೆ ಜಗ್ಗದಂತೆ ಹಿಂದುಗಡೆ ಒಬ್ಬರು ಎತ್ತಿ ಹಿಡಿಯಬೇಕು. ಭೌತಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ ನಾನು ಅಂದಿನಿಂದ ತಿಂಗಳಿಗೆ ಎರಡು ಭಾನುವಾರ ಆ ಒಬ್ಬ.

ಹೋದ ಭಾನುವಾರ ನಮ್ಮ ಅಳಿಯ, ಎಂದರೆ ಸುಮಾಳ ಗಂಡ, ಹೆಂಡತಿ ಮಗುವನ್ನು ಕರೆದುಕೊಂಡು ಅಲ್ಲಿಗೆ ಬಂದಿದ್ದ. ಮಾಯಸಂದ್ರದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ, ಬಹಳ ವಿನಯದ ಹುಡುಗ. ಈವರೆಗೆ ನನ್ನ ಎದುರು ಕುರ್ಚಿಯ ತುದಿಯಲ್ಲಿ ಮಾತ್ರ ಕೂರುತ್ತಿದ್ದ. ಅತ್ತೆ ಅವನಿಗೆ ಮನೆಯಲ್ಲಿದ್ದ ಒಳ್ಳೆಯ ಕುರ್ಚಿ ಹಾಕಿಸಿದರು, ಹೋಳಿಗೆ ಕೊಡಿಸಿದರು, ಫ್ಯಾನ್ ಅವನ ಕಡೆ ತಿರುಗಿಸಲು ಸೊಸೆಗೆ ಹೇಳಿದರು. ಅವನೊಂದಿಗೆ ಮಾತ್ರ ಒಂದು ಮಾತೂ ಆಡಲಿಲ್ಲ. ಅವನು ಬೆನ್ನು ನೆಟ್ಟಗೆ ಮಾಡಿಕೊಂಡು, ಬೇಡದ ಮೂರನೆಯ ಹೋಳಿಗೆಯನ್ನು ಕಷ್ಟಪಟ್ಟು ನುಂಗುತ್ತಾ ಕೂತಿದ್ದ. ನಾನು ಮಿಷಿನ್ನಿನ ಹಿಂದೆ ಬೊಂತೆ ಹಿಡಿದು ನಿಂತು ಅವನನ್ನು ನೋಡಿ ಮರುಗುತ್ತಿದ್ದೆ. ಪಾಪ, ಈ ಹುಡುಗನಿಗೆ ಇನ್ನೂ ಎಷ್ಟು ವರ್ಷದ ಮರ್ಯಾದೆ ಬಾಕಿ ಇದೆಯೋ, ನನ್ನ ಹಂತಕ್ಕೆ ಬರಲು ಎಷ್ಟು ಕಾಯಬೇಕೋ ಎಂದು ದೊಡ್ಡಸ್ತಿಕೆಯಿಂದ ಯೋಚಿಸುತ್ತಿದ್ದಾಗ ಬೊಂತೆ ನನ್ನ ಕೈಯಿಂದ ಜಾರಿತು.

‘ಎಲ್ಲೋ ನೋಡ್ತಾ ನಿಂತಿದೀಯಾ? ಬಿಗಿಯಾಗಿ ಹಿಡ್ಕಳೋ, ಸೋಂಬೇರಿ!’

ಅ‍ಳಿಯ ಕಾಫಿ ಲೋಟವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡ. ಅವನ ಭುಜ ಕುಲುಕುತ್ತಿದ್ದದ್ದು ಅಲ್ಲಿಂದಲೇ ಕಾಣುತ್ತಿತ್ತು. ಊಟವಾದ ಮೇಲೆ ನೋಡುತ್ತೇನೆ, ನನ್ನ ಎದುರಿಗೇ ಕಾಲ ಮೇಲೆ ಕಾಲು ಹಾಕಿಕೊಂಡು ಆರಾಮಾಗಿ ಕೂತಿದ್ದಾನೆ.